ಅಜ್ಜನ ಜೀಪು ಮತ್ತು ಹಾಟ್ ರಾಡ್

ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಅಜ್ಜನ ಕಾಲದ ಜೀಪನ್ನು ಬಿಚ್ಚಿಟ್ಟಿದ್ದ. ಪಕ್ಕದಲ್ಲಿಯೇ ಬೇರೊಂದು ಎಂಜಿನ್ ಕಾದಿತ್ತು. “ಸರ, ಇದನ್ನ ಹಾಟ್ ರಾಡ್ ಮಾಡಿ ಪ್ರದರ್ಶನಕ್ಕ ಇಡ್ಲೇನ್ರಿ?” ಎಂದು ಕೇಳಿದ. ಇತಿಹಾಸ ಕಲಿಸಿದವನು ಇತಿಹಾಸದಿಂದಲೇ ಉತ್ತರಿಸಬೇಕಾಯಿತು.

ಹಾಟ್ ರಾಡ್ ಸಂಪ್ರದಾಯವು ಬೆಳೆದದ್ದು 1930ರ ದಶಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ತರುಣರು ಅಗ್ಗಕ್ಕೆ ದೊರೆತ ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಳಚಿ, ಭಾರವಿಳಿಸಿ, ಎಂಜಿನ್ನಿನ ಬಲ ಹೆಚ್ಚಿಸಿ, ಮ್ಯೂರಾಕ್‌ನ ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ ಈ ಹವ್ಯಾಸಕ್ಕೆ ಜೀವ ತುಂಬಿತು. ಅಲ್ಲಿ ಮಾರ್ಪಾಡಿಗೇ ಮನ್ನಣೆ.

ನಮ್ಮಲ್ಲಿ ಹಾಗಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. 2021ರ ಕೇಂದ್ರ ನಿಯಮಗಳ ಪ್ರಕಾರ, 50 ವರ್ಷ ಮೀರಿದ ವಾಹನವು ‘ವಿಂಟೇಜ್’ ಎನಿಸಬೇಕಾದರೆ ಅದರ ಚಾಸಿ, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನಕ್ಕೂ ರ‍್ಯಾಲಿಗೂ ಒಯ್ಯಬಹುದು.

“ಬದಲಿಸಿದರೆ ಗಾಡಿ ಓಡೀತು, ಅಜ್ಜನದಾಗಿ ಉಳಿಯದು” ಎಂದೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಮರುವಾರ ಹೋದಾಗ ಪಕ್ಕದ ಎಂಜಿನ್ ಇರಲಿಲ್ಲ. ಆತ ಹಳೆಯದರ ಮಸಿ ಒರೆಸುತ್ತಿದ್ದ.