ಹಲ್ಲಿಲ್ಲದ ಗೇರಿನ ಚರಿತ್ರೆ



ಚರಿತ್ರೆ ಎಂದಕೂಡಲೇ ನಮಗೆ ಕೋಟೆ, ಕಾಳಗ, ಶಾಸನಗಳು ನೆನಪಾಗುತ್ತವೆ. ಆದವಾನಿಯ ಬೆಟ್ಟದ ಕೋಟೆ ಇಷ್ಟು ಹತ್ತಿರವಿರುವಾಗ ಅದು ಸಹಜವೇ. ಆದರೆ ಮನೆಯ ಮುಂದೆ ನಿಂತಿರುವ ಗೇರಿಲ್ಲದ ಸ್ಕೂಟರಿಗೂ ಒಂದು ಚರಿತ್ರೆಯುಂಟು. ಅದರೊಳಗಿನ ಯಂತ್ರವೇ ಕಾರಿನಲ್ಲಿ ಸಿ.ವಿ.ಟಿ. ಎಂಬ ಮೂರಕ್ಷರದ ಹೆಸರು ಹೊತ್ತಿದೆ. ನಮ್ಮ ಮದ್ದಿಕೇರದ ಸುತ್ತಿನ ಹಳ್ಳಿಗಳಿಗೂ ಮಕ್ಕಳು ಬೆಂಗಳೂರಿನಿಂದ, ಕರ್ನೂಲಿನಿಂದ ಹಳೆಯ ಕಾರು ಕೊಂಡು ತರುವ ಕಾಲವಿದು. ಲಕ್ಷಗಟ್ಟಲೆ ಹಣ ಎಣಿಸಿ ಕೊಡುವ ಮುಂಚೆ ಆ ಮೂರಕ್ಷರದ ಕಥೆ ತಿಳಿದಿರುವುದು ಒಳ್ಳೆಯದು.

ಮೊದಲು ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ನಾವು ಗಿರಣಿ ಎನ್ನುತ್ತೇವೆ, ಪಕ್ಕದ ಮನೆಯವರು ಪಿಂಡಿಮರ ಎನ್ನುತ್ತಾರೆ. ಬೆಲ್ಟು ಮಾತ್ರ ಎರಡು ಭಾಷೆಗೂ ಬೆಲ್ಟೇ. ಮೋಟಾರಿನ ಕಡೆಯ ಪುಲ್ಲಿ ಚಿಕ್ಕದು, ಕಲ್ಲಿನ ಕಡೆಯದು ದೊಡ್ಡದು. ಚಿಕ್ಕದು ಹಲವು ಸುತ್ತು ಸುತ್ತಿದಾಗ ದೊಡ್ಡದು ಒಂದು ಸುತ್ತು ಸುತ್ತುತ್ತದೆ. ವೇಗ ಇಳಿಯುತ್ತದೆ, ತಿರುಗಿಸುವ ಬಲ ಏರುತ್ತದೆ. ಈ ಪುಲ್ಲಿಗಳ ಗಾತ್ರವನ್ನು ಓಡುತ್ತಿರುವಾಗಲೇ ಹಿಗ್ಗಿಸುವ, ಕುಗ್ಗಿಸುವ ಉಪಾಯವೇ ಸಿ.ವಿ.ಟಿ.

ಎರಡು ಬಾಣಲೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ನಡುವೆ ಇಂಗ್ಲಿಷಿನ ವಿ ಅಕ್ಷರದಂಥ ಸಂದು ಆಗುತ್ತದೆ. ಬೆಲ್ಟು ಆ ಸಂದಿನಲ್ಲಿ ಕೂರುತ್ತದೆ. ಬಾಣಲೆಗಳು ಹತ್ತಿರ ಸರಿದರೆ ಬೆಲ್ಟು ಅಂಚಿಗೆ ಏರುತ್ತದೆ, ದೂರ ಸರಿದರೆ ನಡುವಿಗೆ ಇಳಿಯುತ್ತದೆ. ಎಂಜಿನ್ ಕಡೆ ಇಂಥ ಒಂದು ಜೋಡಿ, ಚಕ್ರದ ಕಡೆ ಇನ್ನೊಂದು ಜೋಡಿ. ಒಂದು ಕಡೆ ಏರಿದಾಗ ಇನ್ನೊಂದು ಕಡೆ ಇಳಿಯುತ್ತದೆ.

ದಸರೆಯಲ್ಲಿ ನಮ್ಮೂರ ಕುದುರೆ ಓಟ ನೋಡಿದವರು ಬಲ್ಲರು, ನಡಿಗೆಯಿಂದ ಓಟಕ್ಕೆ ಹೋಗುವಾಗ ಕುದುರೆಯ ಹೆಜ್ಜೆಯ ಗತಿಯೇ ಬದಲಾಗುತ್ತದೆ. ಗೇರಿನ ಕಾರೂ ಹಾಗೆಯೇ, ಒಂದೊಂದು ಗೇರಿಗೂ ಒಂದು ಜರ್ಕು. ಸಿ.ವಿ.ಟಿ.ಯಲ್ಲಿ ಆ ಮೆಟ್ಟಿಲುಗಳೇ ಇಲ್ಲ. ಇಳಿಜಾರಿನಲ್ಲಿ ಉರುಳಿದಂತೆ ನುಣುಪು.

ಇದು ಹುಟ್ಟಿದ್ದು ಕಾರಿಗಾಗಿ ಅಲ್ಲ, ಮರ ಕೊಯ್ಯುವ ಗರಗಸಕ್ಕಾಗಿ. ಅಮೆರಿಕೆಯ ಇಂಡಿಯಾನಾ ಪ್ರಾಂತ್ಯದ ಮಿಲ್ಟನ್ ರೀವ್ಸ್ ಎಂಬುವರು 1879ರಲ್ಲಿ ಗರಗಸದ ವೇಗವನ್ನು ಹೆಚ್ಚು ಕಡಿಮೆ ಮಾಡಲು ಇದನ್ನು ರೂಪಿಸಿದರು. 1896ರಲ್ಲಿ ತಮ್ಮ ಮೋಟಾರು ಗಾಡಿಗೂ ಅಳವಡಿಸಿದರು. ಕಾರಿನಲ್ಲಿ ನೆಲೆ ನಿಂತದ್ದು 1958ರಲ್ಲಿ, ಹಾಲೆಂಡಿನ ಡಾಫ್ ಕಂಪೆನಿಯ ಪುಟ್ಟ ಕಾರಿನಿಂದ. ಹುಬ್ ವಾನ್ ಡೋರ್ನ್ ಅವರ ಆ ಏರ್ಪಾಡಿಗೆ ವೇರಿಯೋಮ್ಯಾಟಿಕ್ ಎಂದು ಹೆಸರು. ಅದರ ಬೆಲ್ಟು ರಬ್ಬರಿನದು. ಆ ಕಾರು ಮುಂದಕ್ಕೆ ಓಡಿದಷ್ಟೇ ವೇಗವಾಗಿ ಹಿಂದಕ್ಕೂ ಓಡಬಲ್ಲದಾಗಿತ್ತು. ಹಾಲೆಂಡಿನವರು ಹಿಮ್ಮುಖ ಓಟದ ಪಂದ್ಯಗಳನ್ನೇ ಏರ್ಪಡಿಸಿದರು!

ರಬ್ಬರು ದೊಡ್ಡ ಎಂಜಿನ್ನಿಗೆ ತಾಳುವಂಥದಲ್ಲ. ಆದ್ದರಿಂದ ಉಕ್ಕಿನ ಬೆಲ್ಟು ಬಂತು. ನೂರಾರು ಸಣ್ಣ ಉಕ್ಕಿನ ಬಿಲ್ಲೆಗಳನ್ನು ತೆಳುವಾದ ಉಕ್ಕಿನ ಪಟ್ಟಿಗಳಿಗೆ ಪೋಣಿಸಿದ ಸರ ಅದು. ಗಿರಣಿಯ ಬೆಲ್ಟು ಎಳೆಯುತ್ತದೆ. ಇದರಲ್ಲಿ ಬಿಲ್ಲೆ ಬಿಲ್ಲೆಯನ್ನು ತಳ್ಳುತ್ತದೆ. 1987ರಲ್ಲಿ ಜಪಾನಿನ ಸುಬಾರು ಜಸ್ಟಿ ಕಾರಿಗೆ ಇದು ಬಂತು.

ನಮ್ಮ ದೇಶದ ಬೀದಿಗಳಿಗೆ ಮಾತ್ರ ಸ್ಕೂಟರೇ ದಾರಿ ತೋರಿಸಿತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಅದಕ್ಕೆ ಕ್ಲಚ್ಚಿಲ್ಲ, ಗೇರಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟು. ಅದುವರೆಗೆ ಸ್ಕೂಟರು ಬಹುಮಟ್ಟಿಗೆ ಗಂಡಸರ ಗಾಡಿಯಾಗಿತ್ತು. ಮುಂದೆ ಆಕ್ಟಿವಾದಂಥ ಗಾಡಿಗಳು ಬಂದವು. ಬ್ಯಾಂಕಿನ ಕೌಂಟರಿನಲ್ಲಿ ಕೂತ ನಾನು ಕಂಡಂತೆ, ವಾಹನ ಸಾಲದ ಅರ್ಜಿಗಳಲ್ಲಿ ಟೀಚರಮ್ಮಂದಿರ, ನರ್ಸಮ್ಮಂದಿರ ಹೆಸರುಗಳು ಬರತೊಡಗಿದವು. ಒಂದು ಬೆಲ್ಟು ಎಷ್ಟೋ ಹೆಣ್ಣುಮಕ್ಕಳನ್ನು ಬಸ್ಸಿನ ಕಾಯುವಿಕೆಯಿಂದ ಬಿಡಿಸಿತು. ಇದನ್ನು ಚರಿತ್ರೆ ಎನ್ನದೆ ಏನೆನ್ನೋಣ? ನಮ್ಮ ಹಾಗೆಯೇ ಗಡಿಗೆ ಅಂಟಿದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ನಡೆಯುತ್ತಿದೆ.

ಹಾಗಾದರೆ ದೋಷವೇನು? ಎಲ್ಲ ದೋಷಕ್ಕೂ ಮೂಲ ಒಂದೇ. ಸಾಮಾನ್ಯ ಗೇರಿನಲ್ಲಿ ಹಲ್ಲು ಹಲ್ಲನ್ನು ಕಚ್ಚಿ ತಿರುಗಿಸುತ್ತದೆ. ಇಲ್ಲಿ ಹಲ್ಲಿಲ್ಲ, ಹಿಡಿತ ಮಾತ್ರ. ಬೆಲ್ಟು ಜಾರದಿರಲೆಂದು ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ಪುಲ್ಲಿಯನ್ನು ಸದಾ ಅದುಮಿ ಹಿಡಿದಿರಬೇಕು. ಅದಕ್ಕೆ ಎಂಜಿನ್ನಿನ ಶಕ್ತಿಯಲ್ಲಿ ಸ್ವಲ್ಪ ಖರ್ಚಾಗುತ್ತದೆ. ಭಾರ ಹೇರಿ ಏರು ಹತ್ತಿಸಿದರೆ ಬಿಸಿ ಹೆಚ್ಚುತ್ತದೆ. ಬೆಲ್ಟು ಜಾರಿದರೆ ಪುಲ್ಲಿಯ ಮೈ ಗೀರಿಹೋಗುತ್ತದೆ. ಜೋರಾಗಿ ಒತ್ತಿದಾಗ ಎಂಜಿನ್ ಮೊದಲು ಕೂಗುತ್ತದೆ, ಕಾರು ಆಮೇಲೆ ಓಡುತ್ತದೆ. ಬ್ಯಾಟರಿ ಹೋದರೆ ತಳ್ಳಿ ಸ್ಟಾರ್ಟು ಮಾಡಲಾಗದು. ಎಂಜಿನ್ ತಿರುಗಿಸುವ ಚಕ್ರಗಳನ್ನು ನೆಲದ ಮೇಲಿಟ್ಟು ಟ್ರಾಕ್ಟರಿಗೆ ಕಟ್ಟಿ ಎಳೆದರೆ ಒಳಗಿನ ಯಂತ್ರವೇ ಕೆಡಬಹುದು. ಕೆಟ್ಟಾಗ ಇದನ್ನು ಬಿಚ್ಚಬಲ್ಲ ಮೆಕ್ಯಾನಿಕ್ಕು ಸಣ್ಣ ಊರಿನಲ್ಲಿ ಸಿಗುವುದು ಕಷ್ಟ. ಎಷ್ಟೋ ಸಲ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕಾಗುತ್ತದೆ. ಅಮೆರಿಕೆಯಲ್ಲಿ ನಿಸ್ಸಾನ್ ಕಂಪೆನಿಯು 2003ರಿಂದ 2010ರವರೆಗಿನ ಮಾದರಿಗಳ ಸಿ.ವಿ.ಟಿ.ಗೆ ಹತ್ತು ವರ್ಷ ಅಥವಾ 1,20,000 ಮೈಲಿಗಳವರೆಗೆ ವಾರಂಟಿ ಹಿಗ್ಗಿಸಬೇಕಾಯಿತು. ನಮ್ಮಲ್ಲಿ 2015ರಲ್ಲಿ ಸಿ.ವಿ.ಟಿ.ಯೊಂದಿಗೆ ಬಂದ ಮಾರುತಿ ಬಲೆನೋ, 2022ರಲ್ಲಿ ಅದನ್ನು ಬಿಟ್ಟು ಹಲ್ಲಿನ ಗೇರಿಗೇ ಯಂತ್ರದ ಕೈ ಜೋಡಿಸಿಕೊಂಡಿತು.

ಹೆಸರಿನಿಂದಲೂ ಮೋಸಹೋಗಬಾರದು. ಬಿಡದಿಯಲ್ಲಿ 2022ರಿಂದ ತಯಾರಾಗುತ್ತಿರುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರಿನಲ್ಲಿ ಇರುವುದು ಇ-ಸಿ.ವಿ.ಟಿ. ಅದರಲ್ಲಿ ಬೆಲ್ಟೇ ಇಲ್ಲ. ನಡುವಿನ ಹಲ್ಲಿನ ಚಕ್ರದ ಸುತ್ತ ಗ್ರಹಗಳಂತೆ ತಿರುಗುವ ಸಣ್ಣ ಚಕ್ರಗಳು ಮತ್ತು ವಿದ್ಯುತ್ ಮೋಟಾರುಗಳು ಆ ಕೆಲಸ ಮಾಡುತ್ತವೆ.

ಆದ್ದರಿಂದ ಹಳೆಯ ಕಾರು ಕೊಳ್ಳುವವರು ಗೇರಿನ ಎಣ್ಣೆ ಯಾವಾಗ ಬದಲಿಸಿದರೆಂಬ ಚೀಟಿಯನ್ನು ಕೇಳಿ ಪಡೆಯಿರಿ. ಎಂಜಿನ್ ಎಣ್ಣೆ ಬೇರೆ, ಸಿ.ವಿ.ಟಿ. ಎಣ್ಣೆ ಬೇರೆ, ಕಂಪೆನಿ ಹೇಳಿದ್ದನ್ನೇ ಹಾಕಿಸಿ. ಕಾಳಿನ ಮೂಟೆ ಹೊರುವ ಕೆಲಸವಿದ್ದರೆ ಹಲ್ಲಿನ ಗೇರೇ ಮೇಲು. ಊರಿಂದೂರಿಗೆ ಹೋಗಿಬರಲು, ಮೊಣಕಾಲು ನೋವಿರುವ ಹಿರಿಯರಿಗೆ, ಸಿ.ವಿ.ಟಿ. ಸುಖ. ಮಗಳ ಸ್ಕೂಟರಿನ ಬೆಲ್ಟನ್ನಂತೂ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಬದಲಿಸಿಬಿಡಿ. ಅದು ಕತ್ತಲಲ್ಲಿ, ಊರಾಚೆಯ ರಸ್ತೆಯಲ್ಲಿ ಹರಿಯುವವರೆಗೆ ಕಾಯಬೇಡಿ.