ಅಕ್ಕಿಯಲ್ಲದ ಅಕ್ಕಿಯ ಕತೆ

ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವ ದಿನಗಳಲ್ಲಿ ನನ್ನ ರಾತ್ರಿಯಡುಗೆ ಹೆಚ್ಚಾಗಿ ಸಬ್ಬಕ್ಕಿಯದು. ಹೊರಡುವ ಮುಂಚೆ ಒಂದು ಲೋಟ ಸಬ್ಬಕ್ಕಿಯನ್ನು ಎರಡು ಮೂರು ಸಲ ತೊಳೆದು, ಕಾಳು ಮುಳುಗುವಷ್ಟೇ ನೀರು ಬಿಟ್ಟು ಮುಚ್ಚಿಡುತ್ತೇನೆ. ಸಂಜೆ ಬಂದು ಒಂದು ಕಾಳನ್ನು ಬೆರಳ ನಡುವೆ ಹಿಸುಕಿದರೆ ನಡುವೆ ಗಟ್ಟಿಯಿಲ್ಲದೆ ನುಣ್ಣಗಾಗಬೇಕು. ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜವನ್ನು ಉಪ್ಪಿನ ಜೊತೆ ಅದಕ್ಕೆ ಕಲಸಿಡಬೇಕು. ತುಪ್ಪದಲ್ಲಿ ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು, ಬೇಯಿಸಿ ಹೆಚ್ಚಿದ ಆಲೂಗಡ್ಡೆ. ಮೇಲೆ ಸಬ್ಬಕ್ಕಿ. ಕಾಳು ಕನ್ನಡಿಯ ಹಾಗೆ ಹೊಳೆಯತೊಡಗಿದ ಕೂಡಲೇ ಒಲೆ ಆರಿಸಿ ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಎಲ್ಲ ಸೇರಿ ಹದಿನೈದು ನಿಮಿಷ. ಅಕ್ಕಿಯಿಲ್ಲ, ಗೋಧಿಯಿಲ್ಲ, ರಾಗಿಯಿಲ್ಲ.

ಹೋದ ಸಲ ಅಮ್ಮ ಊರಿನಿಂದ ಬಂದಿದ್ದಾಗ ಇದನ್ನೇ ಮಾಡಿದೆ. "ಇವತ್ತು ಏಕಾದಶಿನಾ?" ಎಂದು ಕೇಳಿದಳು. "ಇಲ್ಲಮ್ಮ, ಸುಲಭ ಅಂತ ಮಾಡಿದೆ" ಎಂದೆ. ಮಾತಾಡದೆ ಬಡಿಸಿಕೊಂಡಳು. ಮರುದಿನ ಇನ್ನೂ ಸುಲಭದ ಅಡುಗೆಯೆಂದು ಗೆಣಸು ಬೇಯಿಸಿ, ತೆಂಗಿನತುರಿ ಹಾಕಿ ಕೊಟ್ಟಾಗ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಗೆಣಸು ನಾನು ತಿನ್ನಲ್ಲ ಕಣೆ. ನಾನು ಮೂರನೇ ಕ್ಲಾಸಲ್ಲಿದ್ದಾಗ ಮಳೆ ಹೋಯ್ತಲ್ಲ, ಆ ವರ್ಷ ರಾತ್ರಿ ರಾತ್ರಿ ಇದನ್ನೇ ತಿಂದಿದೀನಿ. ಬೇಕಾಗಿ ಅನ್ನ ಬಿಡೋದು ಬೇರೆ, ಅನ್ನ ಇಲ್ಲದೆ ಇರೋದು ಬೇರೆ."

ನಾನು ಲೆಕ್ಕ ಹಾಕಿದೆ. ಅಮ್ಮನ ಮೂರನೇ ಕ್ಲಾಸು ಎಂದರೆ 1965-66. ಹಾಸನದ ಕಡೆಯ ಅವಳ ಹಳ್ಳಿಯ ಆ ವರ್ಷವನ್ನೂ ನನ್ನ ಹದಿನೈದು ನಿಮಿಷದ ಅಡುಗೆಯನ್ನೂ ಜೊತೆಯಲ್ಲಿಟ್ಟು ನೋಡಬೇಕೆನಿಸಿತು. ಧಾನ್ಯವಿಲ್ಲದ ಊಟಕ್ಕೆ ನಮ್ಮಲ್ಲಿ ಎಂಥ ಚರಿತ್ರೆಯಿದೆ ಎಂದು ಹುಡುಕಿಕೊಂಡು ಹೋದದ್ದು ಹೀಗೆ.

ಮೊದಲು ಸಿಕ್ಕಿದ್ದು ಹೆಸರು. 'ಸಬ್ಬಕ್ಕಿ'ಯಲ್ಲಿ ಅಕ್ಕಿ ಇದೆ. ಹಳೆ ಮೈಸೂರಿನ ಕಡೆ ಅದಕ್ಕೆ 'ಸೀಮೆ ಅಕ್ಕಿ' ಎಂಬ ಇನ್ನೊಂದು ಹೆಸರಿದೆ, ಅದರಲ್ಲೂ ಅಕ್ಕಿಯೇ. ಸೀಮೆಎಣ್ಣೆ, ಸೀಮೆಬದನೆಕಾಯಿಗಳಂತೆ ಹೊರಗಿನಿಂದ ಬಂದದ್ದು ಎಂದು ಸೂಚಿಸುವ ಹೆಸರು. ಬಂದ ದಾರಿಯೂ ನೇರವಲ್ಲ. ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ ಒಂದು ಜಾತಿಯ ತಾಳೆಮರದ ಕಾಂಡವನ್ನು ಸೀಳಿ, ತಿರುಳನ್ನು ತೊಳೆದು ತೆಗೆದ ಪಿಷ್ಟಕ್ಕೆ ಮಲಯ ಭಾಷೆಯಲ್ಲಿ 'ಸಾಗು' ಎನ್ನುತ್ತಾರೆ. ಸಾಬೂದಾನ ಎಂಬ ಹೆಸರಿನ ಬೇರು ಅಲ್ಲಿದೆ. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಸಬ್ಬಕ್ಕಿಗೆ ಆ ಮರದ ಸಂಬಂಧವಿಲ್ಲ. ಅದು ಮರಗೆಣಸಿನ ಪಿಷ್ಟ. ಮರಗೆಣಸು ದಕ್ಷಿಣ ಅಮೆರಿಕದ ಗಿಡ, ಪೋರ್ಚುಗೀಸರ ಜೊತೆ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು.

ನನ್ನ ಬಾಣಲೆಯಲ್ಲಿದ್ದ ಉಳಿದವರ ಊರು ಕೇಳಿದೆ. ಕಡಲೆಕಾಯಿ ದಕ್ಷಿಣ ಅಮೆರಿಕ. ಆಲೂಗಡ್ಡೆ ಆಂಡೀಸ್ ಪರ್ವತಗಳ ಮಗಳು. ಕರಾವಳಿಯವರು ಅದನ್ನು 'ಬಟಾಟೆ' ಎಂದು ಕರೆಯುವಾಗ ಪೋರ್ಚುಗೀಸ್ ಮಾತು ಇನ್ನೂ ಕೇಳಿಸುತ್ತದೆ. ಮೆಣಸಿನಕಾಯಿಯೂ ಅಮೆರಿಕದ್ದೇ. ನಮ್ಮವರು ತಮಗೆ ಗೊತ್ತಿದ್ದ ಕರಿಮೆಣಸಿನ ಹೆಸರಿಗೆ ಒಂದು 'ಕಾಯಿ' ಸೇರಿಸಿ ಅದನ್ನು ಬರಮಾಡಿಕೊಂಡರು. ಜೀರಿಗೆ, ಕರಿಬೇವು, ತುಪ್ಪ, ನಿಂಬೆಹಣ್ಣು ಬಿಟ್ಟರೆ ನನ್ನ ತಟ್ಟೆ ಪೂರ್ತಿ ಹಡಗಿನಲ್ಲಿ ಬಂದದ್ದು.

ಕನ್ನಡದಲ್ಲಿ ಪಾಕಶಾಸ್ತ್ರಕ್ಕೇ ಮೀಸಲಾದ ಒಂದು ಕಾವ್ಯವಿದೆ, ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಅದರ ಕಾಲ ಸುಮಾರು 1508. ಬದನೆ, ಹಲಸು, ಬಾಳೆಗಳ ಅಡುಗೆಗಳನ್ನು ಅದು ವಿಸ್ತಾರವಾಗಿ ಹೇಳುತ್ತದೆ. ಆಲ್ಬುಕರ್ಕ್ ಗೋವೆಯನ್ನು ಹಿಡಿದದ್ದು 1510ರಲ್ಲಿ. ಈ ಎರಡು ವರ್ಷಗಳ ಅಂತರ ನೋಡಿದಾಗಲೆಲ್ಲ, ಹೊಸ ನೆಂಟರು ಬಾಗಿಲು ತಟ್ಟುವ ಮುನ್ನ ಮನೆಯವರೆಲ್ಲ ಕೂತು ತೆಗೆಸಿಕೊಂಡ ಕೊನೆಯ ಪಟದಂತೆ ಆ ಪುಸ್ತಕ ನನಗೆ ಕಾಣುತ್ತದೆ.

ಹಾಗಾದರೆ ನೆಂಟರು ಬರುವ ಮುಂಚೆ ಧಾನ್ಯವಿಲ್ಲದ ತಿಂಡಿ ನಮ್ಮಲ್ಲಿರಲಿಲ್ಲವೇ? ಇತ್ತು, ಇಂದು ನಾವು ಊಹಿಸದ ಕಡೆ. ಹತ್ತನೇ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ'ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ' ಅದನ್ನು ಮಾಡುವ ಬಗೆಯನ್ನೇ ಹೇಳುತ್ತದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಬೇಕು, ಮೊಸರಿನ ತಿಳಿಯನ್ನೂ ಮಸಾಲೆಗಳನ್ನೂ ಸೇರಿಸಬೇಕು. ಅಲ್ಲಿ ಅಕ್ಕಿಯ ಮಾತಿಲ್ಲ. ಆಹಾರ ಚರಿತ್ರೆಕಾರ ಕೆ.ಟಿ. ಅಚಯ ಗಮನಕ್ಕೆ ತಂದ ಸಂಗತಿಗಳಲ್ಲಿ ಇದೂ ಒಂದು. ಅಂದರೆ ಬರಹದಲ್ಲಿ ಸಿಗುವ ನಮ್ಮ ಹಳೆಯ ಇಡ್ಲಿ ಬರೀ ಬೇಳೆಯದು. ಬೇಳೆಯನ್ನೂ ದ್ವಿದಳ ಧಾನ್ಯ ಎನ್ನುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಅಕ್ಕಿ, ಗೋಧಿ, ರಾಗಿ, ಜೋಳಗಳಂಥ ಹುಲ್ಲಿನ ಜಾತಿಯ ಕಾಳುಗಳನ್ನೇ ಧಾನ್ಯವೆಂದು ಇಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಆ ಇಡ್ಲಿ ಅವಸರದ ಅಡುಗೆಯಾಗಿರಲಿಲ್ಲ. ನೆನೆಸಿ, ಒರಳಿನಲ್ಲಿ ರುಬ್ಬುವ ಹೆಣ್ಣುಮಕ್ಕಳ ರಟ್ಟೆಯ ಲೆಕ್ಕ ಯಾವ ಗ್ರಂಥದಲ್ಲೂ ಇಲ್ಲ.

ಏಕಾದಶಿಯ ಫಲಾಹಾರಕ್ಕೆ ಬರೋಣ. ಕಟ್ಟುನಿಟ್ಟಿನ ಮಾಧ್ವ ಮನೆಗಳಲ್ಲಿ ಅಂದು ನೀರೂ ಇಲ್ಲ. ಇನ್ನೆಷ್ಟೋ ಮನೆಗಳಲ್ಲಿ ಅನ್ನ ಮಾತ್ರ ವರ್ಜ್ಯ, ಅವಲಕ್ಕಿ ಉಪ್ಪಿಟ್ಟುಗಳಿಗೆ ಅಡ್ಡಿಯಿಲ್ಲ. ಅವಲಕ್ಕಿ ಭತ್ತದಿಂದಲೇ ಆದದ್ದು ಎಂಬ ತಕರಾರು ಅಲ್ಲಿ ನಡೆಯುವುದಿಲ್ಲ. ಅಲ್ಲಿ ಬಿಡುತ್ತಿರುವುದು ಬೆಂದ ಅನ್ನ, ಅದರ ಮುಸುರೆ. ಉತ್ತರ ಕರ್ನಾಟಕದಲ್ಲಿ, ಮರಾಠಿ ನೆರೆಯಲ್ಲಿ, ಸಾಬೂದಾಣಿ ಖಿಚಡಿ ಉಪವಾಸದ ಊಟ. ನಮ್ಮ ಮೈಸೂರು ಕಡೆ ಸಬ್ಬಕ್ಕಿ ಎಂದರೆ ಪಾಯಸ, ಸಂಡಿಗೆ, ಜ್ವರ ಬಂದವರ ಗಂಜಿ. ತಮಾಷೆಯೆಂದರೆ ಶ್ರಾದ್ಧದ ಅಡುಗೆಯಲ್ಲಿ ಆಲೂಗಡ್ಡೆಗೂ ಮೆಣಸಿನಕಾಯಿಗೂ ಇಂದಿಗೂ ಪ್ರವೇಶವಿಲ್ಲದ ಮನೆಗಳಿವೆ. ಅಲ್ಲಿ ಖಾರಕ್ಕೆ ಕರಿಮೆಣಸೇ ಬೇಕು. ಪಿತೃಗಳಿಗೆ ಒಪ್ಪಿಗೆಯಾಗದ ನೆಂಟರನ್ನು ವ್ರತ ಒಳಗೆ ಕರೆದುಕೊಂಡಿತು. ನಿಯಮದ ಪಟ್ಟಿಯಲ್ಲಿ ಧಾನ್ಯ ಬೇಡ ಎಂದಿತ್ತು. ಮರಗೆಣಸು ಬೇಡ ಎಂದು ಹೇಳಲು ಆ ಪಟ್ಟಿ ಬರೆದವರು ಅದನ್ನು ಕಂಡೇ ಇರಲಿಲ್ಲ.

ಇಷ್ಟು ಬಯಸಿ ಬಿಟ್ಟವರ ಕತೆ. ಅಮ್ಮ ಹೇಳಿದ ಇನ್ನೊಂದು ಕತೆ ತಿರುವಾಂಕೂರಿನಿಂದ ಶುರುವಾಗುತ್ತದೆ. 1880ರಿಂದ 1885ರವರೆಗೆ ಅಲ್ಲಿ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹೊಟ್ಟೆಗೆ ಆಗಲೆಂದು ಮರಗೆಣಸಿನ ಬೇಸಾಯಕ್ಕೆ ಒತ್ತಾಸೆ ಕೊಟ್ಟರು. 1942ರಲ್ಲಿ ಅದು ನಿಜಕ್ಕೂ ಬೇಕಾಯಿತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಜಪಾನಿನ ಸೇನೆ ಸಿಂಗಪುರ, ಜಾವಾ, ರಂಗೂನ್‌ಗಳನ್ನು ಒಂದಾದ ಮೇಲೊಂದರಂತೆ ಹಿಡಿಯಿತು. ಬರ್ಮಾದ ಅಕ್ಕಿ ನಿಂತುಹೋಯಿತು. ಹೊರಗಿನ ಅಕ್ಕಿಯನ್ನೇ ನೆಚ್ಚಿದ್ದ ತಿರುವಾಂಕೂರಿನ ಜನ ಮರಗೆಣಸು ತಿಂದು ದಿನ ದೂಡಿದರು. ಮರುವರ್ಷ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಅದೇ ಯುದ್ಧ ಮಲಯ, ಜಾವಾಗಳಿಂದ ಬರುತ್ತಿದ್ದ ಸಬ್ಬಕ್ಕಿಯನ್ನೂ ನಿಲ್ಲಿಸಿತು. ಆ ಕೊರತೆಯಲ್ಲಿ ಸೇಲಂನಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಉದ್ಯಮ ಹುಟ್ಟಿತು. ಗೆಡ್ಡೆಯ ಸಿಪ್ಪೆ ತೆಗೆದು, ಅರೆದು, ಹಾಲನ್ನು ತಂಗಲು ಬಿಟ್ಟು, ತಳದಲ್ಲಿ ಕೂತ ಪಿಷ್ಟವನ್ನು ಜೋಲಿಯಂಥ ಬಟ್ಟೆಯಲ್ಲಿ ಕುಲುಕಿ ಗುಂಡಗೆ ಮಾಡಿ, ಬಿಸಿ ಮಾಡಿ, ಅಂಗಳದ ಬಿಸಿಲಿಗೆ ಹರಡುವ ಕೆಲಸ ಅದು. ನನ್ನ ಅಡುಗೆ ಹದಿನೈದು ನಿಮಿಷದಲ್ಲಿ ಮುಗಿಯುವುದು ನನ್ನ ಜಾಣತನದಿಂದಲ್ಲ. ಉಳಿದ ಕೆಲಸವನ್ನು ಬೇರೆಯವರು ಮೊದಲೇ ಮುಗಿಸಿರುತ್ತಾರೆ.

ಸ್ವಾತಂತ್ರ್ಯ ಬಂದಾಗಲೂ ಅಕ್ಕಿ ಸಾಲುತ್ತಿರಲಿಲ್ಲ. 1949ರಲ್ಲಿ ನೆಹರೂ ಸರ್ಕಾರ, 1951ರ ಹೊತ್ತಿಗೆ ಹೊರಗಿನಿಂದ ಧಾನ್ಯ ತರಿಸುವುದನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿತು. ಹೆಚ್ಚು ಬೆಳೆಯಿರಿ ಎಂಬುದರ ಜೊತೆಗೆ ಕಡಿಮೆ ಧಾನ್ಯ ತಿನ್ನಿರಿ ಎಂದೂ ಹೇಳಲಾಯಿತು. ಗೆಣಸು, ಬಾಳೆ, ಮರಗೆಣಸು, ಕಡಲೆಕಾಯಿಗಳು 'ಪೂರಕ ಆಹಾರ'ಗಳಾದವು. ವಾರಕ್ಕೊಂದು ಹೊತ್ತು ಬಿಡಿ ಎಂಬ ಕರೆಯೂ ಬಂತು. ಆಗ ಆಹಾರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರ ಪತ್ನಿ, ಗುಜರಾತಿ ಲೇಖಕಿ ಲೀಲಾವತಿ ಮುನ್ಷಿಯವರ ಮುಂದಾಳುತನದಲ್ಲಿ ಮಹಿಳೆಯರು ಧಾನ್ಯವಿಲ್ಲದ ಊಟ ತಿಂಡಿಗಳ ಉಪಾಹಾರ ಗೃಹಗಳನ್ನು ತೆರೆದರು. ಅವುಗಳಿಗೆ ಇಟ್ಟ ಹೆಸರು 'ಅನ್ನಪೂರ್ಣಾ'. ಅನ್ನವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುವ ಅನ್ನಪೂರ್ಣೆ!

ಈ ಕತೆ ಮೈಸೂರಿನ ನನ್ನ ಮನೆಯ ಹತ್ತಿರಕ್ಕೆ ಬರುವುದು ಇಲ್ಲೇ. 1950ರ ಅಕ್ಟೋಬರಿನಲ್ಲಿ ಇಲ್ಲಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ನಾವು ಸಿ.ಎಫ್.ಟಿ.ಆರ್.ಐ ಎನ್ನುವುದು, ಶುರುವಾಯಿತು. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಅವರ ತಂಡ ಕೈಹಾಕಿದ ಕೆಲಸಗಳಲ್ಲಿ ಒಂದು ಕೃತಕ ಅಕ್ಕಿ. ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಟ್ಟು ಸೇರಿಸಿ ಅಕ್ಕಿಯ ಆಕಾರದ ಕಾಳು ಮಾಡುವುದು. ಲೆಕ್ಕ ಸರಿಯಾಗಿತ್ತು. ಮರಗೆಣಸಿನಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನಿಲ್ಲ, ಪ್ರೊಟೀನು ಬಹಳ ಕಡಿಮೆ. ಆ ಕೊರತೆಯನ್ನು ಕಡಲೆಕಾಯಿ ತುಂಬುತ್ತದೆ. ಆದರೂ ಆ ಅಕ್ಕಿ ಮನೆಮಾತಾಗಲಿಲ್ಲ. ಇಂದು ಅದನ್ನು ಯಾವ ಅಂಗಡಿಯಲ್ಲೂ ಕೇಳುವವರಿಲ್ಲ. 1951ರ ಗುರಿಯೂ ಕೈಗೂಡಲಿಲ್ಲ. ಆ ವರ್ಷ ಅಮೆರಿಕದಿಂದ ಸಾಲದ ಮೇಲೆ ಗೋಧಿ ತರಿಸಬೇಕಾಯಿತು.

ಇದನ್ನು ಓದಿದ ದಿನ ಒಂದು ಗಳಿಗೆ ಸುಮ್ಮನೆ ಕೂತೆ. ಮರಗೆಣಸಿನ ಪಿಷ್ಟ, ಜೊತೆಗೆ ಕಡಲೆಕಾಯಿ. ಇದು ನನ್ನ ಬಾಣಲೆಯಲ್ಲಿರುವುದೇ ಅಲ್ಲವೇ? ಪ್ರಯೋಗಾಲಯದಲ್ಲಿ ಅಕ್ಕಿಯ ಆಕಾರ ತೊಟ್ಟು ಬಂದಾಗ ಯಾರಿಗೂ ಬೇಡವಾದ ಜೋಡಿ, ವ್ರತದ ದಿನ ಸಾಬೂದಾಣಿ ಖಿಚಡಿಯಾಗಿ ಬಂದಾಗ ಎರಡನೇ ಸಲ ಬಡಿಸಿಕೊಳ್ಳುವ ತಿಂಡಿ. ರುಚಿಯ ವ್ಯತ್ಯಾಸ ಇದ್ದೇ ಇದ್ದೀತು. ಅದೊಂದೇ ಕಾರಣವೆಂದು ನನಗನಿಸುವುದಿಲ್ಲ. ಖಿಚಡಿ ತಾನು ಅನ್ನವೆಂದು ಹೇಳಿಕೊಳ್ಳುವುದಿಲ್ಲ. ತಿಂದವರಿಗೆ ನಾಳೆ ದ್ವಾದಶಿಯ ಊಟ ಕಾದಿದೆ ಎಂದು ಗೊತ್ತು. ಕೃತಕ ಅಕ್ಕಿಯ ಪ್ರತಿ ಕಾಳೂ ನಿನ್ನ ಮನೆಯಲ್ಲಿ ನಿಜವಾದ ಅಕ್ಕಿಯಿಲ್ಲ ಎಂದು ನೆನಪಿಸುತ್ತಿತ್ತು. ಹೆಸರಿನಲ್ಲಿ ಅಕ್ಕಿಯಿರುವ ಸಬ್ಬಕ್ಕಿಗೆ ನಾವು ಮೋಸ ಹೋಗಲಿಲ್ಲ, ಆಕಾರದಲ್ಲಿ ಅಕ್ಕಿಯಾದದ್ದನ್ನು ಒಪ್ಪಲೂ ಇಲ್ಲ.

ಮತ್ತೆ ಅಮ್ಮನ ಮೂರನೇ ಕ್ಲಾಸಿಗೆ. 1965ರಲ್ಲಿ ಮಳೆ ಕೈಕೊಟ್ಟಿತ್ತು, ಗಡಿಯಲ್ಲಿ ಯುದ್ಧ ನಡೆದಿತ್ತು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಸೋಮವಾರ ಸಂಜೆಯ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ಎಷ್ಟೋ ಮನೆಗಳು ಬಿಟ್ಟವು, ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ಆ ಕರೆ ಜನರ ಮನಸ್ಸು ಮುಟ್ಟಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಊಟ ಬಿಡಬೇಕಾದರೆ ಮೊದಲು ಊಟವಿರಬೇಕು. ಅಮ್ಮನ ಮನೆಯಲ್ಲಿ ಸೋಮವಾರಕ್ಕೂ ಮಂಗಳವಾರಕ್ಕೂ ಗೆಣಸೇ ಇತ್ತು. ಅವರ ಆ ಊಟವನ್ನು ಯಾರೂ ವ್ರತವೆಂದು ಕರೆಯಲಿಲ್ಲ.

ಈಗ ಧಾನ್ಯ ಬಿಡುವುದು ಆರೋಗ್ಯದ ಮಾತಾಗಿದೆ. ನಾನೂ ಸಬ್ಬಕ್ಕಿಯನ್ನು ಹಗುರ ಊಟವೆಂದೇ ನಂಬಿದ್ದೆ. ಚರಿತ್ರೆ ಓದಿ ಆದ ಒಂದು ಉಪಯೋಗ, ಆ ನಂಬಿಕೆ ಹೋಯಿತು. ಬರೀ ಪಿಷ್ಟವಾದ ಅದು ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಅನ್ನಕ್ಕೇನೂ ಕಡಿಮೆಯಿಲ್ಲ. ಹಾಗಾಗಿ ಕಡಲೆಕಾಯಿಯ ಪುಡಿಯನ್ನು ಒಂದು ಹಿಡಿ ಜಾಸ್ತಿಯೇ ಹಾಕುತ್ತೇನೆ. ವಾರದ ಇನ್ನೊಂದು ದಿನ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ಹೋಗಿ, ಬಂದು ಮಿಕ್ಸಿಯಲ್ಲಿ ರುಬ್ಬಿ, ಜೀರಿಗೆ, ಮೆಣಸು, ಇಂಗು ಹಾಕಿ ಇಡ್ಲಿ ಬೇಯಿಸುತ್ತೇನೆ. ಚಾವುಂಡರಾಯನ ಇಡ್ಲಿಯಷ್ಟು ಚೆನ್ನಾಗಿರಲಿಕ್ಕಿಲ್ಲ, ಆದರೆ ಸಾವಿರ ವರ್ಷದ ದಾರಿ ಮಿಕ್ಸಿಯಲ್ಲಿ ಐದು ನಿಮಿಷಕ್ಕಿಳಿಯುತ್ತದೆ.

ಅಮ್ಮ ಹೊರಡುವ ಹಿಂದಿನ ದಿನ ಏಕಾದಶಿ ಬಂತು. "ನಿನ್ನ ಸಬ್ಬಕ್ಕಿ ಮಾಡು, ಇವತ್ತು ತಿಂತೀನಿ" ಎಂದಳು. ತಾನೇ ಕೂತು ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಿ ಕೇರಿಕೊಟ್ಟಳು. ಎರಡು ಸಲ ಬಡಿಸಿಕೊಂಡಳು. ಗೆಣಸನ್ನು ಮಾತ್ರ, ಅವಳು ಬಂದಾಗ ನಾನು ಮನೆಗೆ ತರುವುದಿಲ್ಲ.