ಹಾಟ್ ಚಾಕೊಲೇಟ್‌ಗೂ ಬ್ಯಾಡಗಿಗೂ ಏನು ಸಂಬಂಧ?

📌 ಭಾಗ 1/8: ಮೂರು ಊರು, ಒಂದು ಲೋಟ

ಬ್ಯಾಡಗಿ ಅಂದ್ರೆ ಮೆಣಸಿನಕಾಯಿ. ರಾಣೆಬೆನ್ನೂರು ಸುತ್ತಮುತ್ತ ಅಂದ್ರೆ ಗೋವಿನಜೋಳದ ಹೊಲ. ಹಾವೇರಿ ಅಂದ್ರೆ ಯಾಲಕ್ಕಿ ಮಾಲೆ. ಇಷ್ಟು ನಮಗೆಲ್ಲರಿಗೂ ಗೊತ್ತು. ಆದರೆ ಈ ಮೂರರಲ್ಲಿ ಎರಡು ವಸ್ತು, ಮೆಣಸಿನಕಾಯಿ ಮತ್ತು ಗೋವಿನಜೋಳ, ಹಳೆ ಕಾಲದ ಚಾಕೊಲೇಟ್ ಪಾನೀಯದೊಳಗೇ ಇದ್ದವು ಅಂತ ಎಷ್ಟು ಜನರಿಗೆ ಗೊತ್ತೈತಿ?

ಹೌದು, ಚಾಕೊಲೇಟ್ ಶುರುವಾದದ್ದು ಕುಡಿಯೋ ವಸ್ತುವಾಗಿ. ನಾವು ಕಾಗದ ಬಿಚ್ಚಿ ತಿನ್ನೋ ಗಟ್ಟಿ ಬಾರ್ ಬಂದದ್ದು 1847ರಲ್ಲಿ, ಇಂಗ್ಲೆಂಡಿನ ಫ್ರೈ ಕಂಪನಿಯಿಂದ. ಅದಕ್ಕೂ ಮುಂಚೆ ಸಾವಿರಾರು ವರ್ಷ ಅದನ್ನು ಜನ ಕುಡೀತಾನೇ ಇದ್ರು.

ಈ ಸರಣಿಯಲ್ಲಿ ಕೇಳೋ ಪ್ರಶ್ನೆ ಒಂದೇ: ಆ ಲೋಟಕ್ಕೆ ಯಾರು, ಯಾವಾಗ, ಏನು ಹಾಕಿದ್ರು? ಕೊನೆಗೆ ಮನೆಯಲ್ಲೇ ಮಾಡೋ ವಿಧಾನನೂ ಐತಿ. ಅವಸರ ಇದ್ದವರು ಸೀದಾ 7ಕ್ಕೆ ಹೋಗ್ರಿ. ಆದ್ರೆ ಓದಿಕೊಂಡು ಹೋದ್ರೆ, ಯಾವುದನ್ನು ಯಾಕೆ ಹಾಕ್ತೀವಿ ಅನ್ನೋದು ತಿಳೀತೈತಿ.

📌 ಭಾಗ 2/8: ಕಹಿ, ಖಾರ, ನೊರೆ

ಕೋಕೋ ಮರ ಅಮೆರಿಕ ಖಂಡದ್ದು. ಗ್ವಾಟೆಮಾಲಾದ ರಿಯೊ ಅಸುಲ್ ಎಂಬಲ್ಲಿ ಮಾಯಾ ಜನರ ಸಮಾಧಿಯಲ್ಲಿ ಸುಮಾರು 1500 ವರ್ಷ ಹಳೆಯ ಒಂದು ಮಡಕೆ ಸಿಕ್ಕಿತು. ಅದರ ಮೇಲೆ ಮಾಯಾ ಲಿಪಿಯಲ್ಲಿ ಕೋಕೋದ ಹೆಸರೇ ಬರೆದಿತ್ತು. ಒಳಗೆ ಅಂಟಿದ್ದ ಕರೆಯನ್ನು ಪರೀಕ್ಷೆ ಮಾಡಿದಾಗ ಕೋಕೋದಲ್ಲಿರೋ ಥಿಯೊಬ್ರೊಮಿನ್ ಎಂಬ ರಾಸಾಯನಿಕ ಪತ್ತೆಯಾಯ್ತು.

ಅವರು ಮಾಡೋ ರೀತಿ ಹೀಗಿತ್ತು. ಕೋಕೋ ಕಾಳನ್ನು ಹುಳಿಯಾಗಿಸಿ, ಒಣಗಿಸಿ, ಹುರಿದು, ಕಲ್ಲಿನ ಮೇಲೆ ಅರೆಯೋದು. ಅದಕ್ಕೆ ನೀರು, ಗೋವಿನಜೋಳದ ಹಿಟ್ಟು, ಒಣ ಮೆಣಸಿನಕಾಯಿ, ವೆನಿಲಾ ಸೇರಿಸೋದು. ಆಮೇಲೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೊರೆ ಬರಿಸೋದು. ಚಹಾದಂಗಡಿಯಲ್ಲಿ ಎರಡು ಮಗ್ ಹಿಡಿದು ಎತ್ತಿ ಸುರೀತಾರಲ್ಲ, ಅದೇ ಕೈಚಳಕ!

ಸಕ್ಕರೆ ಇಲ್ಲ. ಹಾಲೂ ಇಲ್ಲ, ಯಾಕಂದ್ರೆ ಅಲ್ಲಿ ಆಗ ಆಕಳು, ಎಮ್ಮೆ ಇರಲೇ ಇಲ್ಲ. ಕೋಕೋ ಕಾಳು ಅವರಿಗೆ ದುಡ್ಡಿನಂಗೂ ನಡೀತಿತ್ತು. 1502ರಲ್ಲಿ ಕೊಲಂಬಸ್‌ನ ಹಡಗಿನವರು ಮಾಯಾ ವ್ಯಾಪಾರಿಗಳ ದೋಣಿಯಲ್ಲಿ ಈ ಕಾಳು ನೋಡಿದ್ರು. ನಾಲ್ಕು ಕಾಳು ಕೆಳಗೆ ಬಿದ್ರೆ ಅವರು ಗಡಿಬಿಡಿಯಿಂದ ಬಗ್ಗಿ ಆರಿಸ್ಕೊಳ್ಳೋದು ಕಂಡು ಇವರಿಗೆ ಆಶ್ಚರ್ಯ.

📌 ಭಾಗ 3/8: ಸುಣ್ಣದ ನೀರಿನ ಗುಟ್ಟು

ಈ ಭಾಗ ಗಮನ ಇಟ್ಟು ಓದ್ರಿ.

ಮೆಕ್ಸಿಕೊ ಕಡೆಯ ಜನ ಗೋವಿನಜೋಳವನ್ನು ಹಾಗೇ ಬೀಸ್ತಿರಲಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಸಿ, ತೊಳೆದು ಆಮೇಲೆ ಅರೀತಿದ್ರು. ಇದರಿಂದ ಎರಡು ಲಾಭ. ಜೋಳದೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರೋ ನಯಾಸಿನ್ (ಬಿ3 ಜೀವಸತ್ವ) ಬಿಡುಗಡೆಯಾಗಿ ಮೈಗೆ ಹತ್ತುತ್ತೆ. ಸುಣ್ಣದಿಂದ ಕ್ಯಾಲ್ಸಿಯಂ ಸೇರುತ್ತೆ.

ಯುರೋಪಿನವರು ಗೋವಿನಜೋಳದ ಬೀಜ ಹೊತ್ತೊಯ್ದರು. ಸುಣ್ಣದ ವಿಧಾನ ಬಿಟ್ಟು ಹೋದರು. ಮುಂದೆ ಸ್ಪೇನ್, ಇಟಲಿಯ ಬಡವರು ಬರೀ ಗೋವಿನಜೋಳ ತಿಂದು ಬದುಕಬೇಕಾದಾಗ ಹೊಸ ರೋಗ ಕಾಣಿಸಿಕೊಂಡಿತು. ಚರ್ಮ ಕಪ್ಪಾಗಿ ಸುಲಿಯೋದು, ಭೇದಿ, ಕೊನೆಗೆ ಬುದ್ಧಿಭ್ರಮಣೆ, ಸಾವು. ಅದರ ಹೆಸರು ಪೆಲಾಗ್ರ. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲೇ ಇದನ್ನು ಗುರುತಿಸಿದ್ದ. ಆದರೆ ನಯಾಸಿನ್ ಇದಕ್ಕೆ ಮದ್ದು ಅಂತ ಗೊತ್ತಾದದ್ದು 1937ರಲ್ಲಿ. ಎರಡು ನೂರು ವರ್ಷ! ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಇದರಿಂದ ಸಾವಿರಾರು ಜನ ಸತ್ತರು.

ಮೆಕ್ಸಿಕೊದ ಹೆಣ್ಮಕ್ಕಳು ದಿನಾ ಅಡುಗೆಮನೆಯಲ್ಲಿ ಮಾಡ್ತಿದ್ದ ಕೆಲಸದಲ್ಲೇ ಉತ್ತರ ಇತ್ತು. ಅವರನ್ನು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಅಷ್ಟೇ.

📌 ಭಾಗ 4/8: ಗೋವೆಯಿಂದ ಘಟ್ಟ ಹತ್ತಿ

ಮೆಣಸಿನಕಾಯಿ ಭಾರತಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೂ ಮುಂಚೆ ನಮ್ಮ ಸಾರಿಗೆ ಖಾರ ಕೊಡ್ತಿದ್ದದ್ದು ಮೆಣಸು, ಅಂದ್ರೆ ಕರಿಮೆಣಸು. ಹೊಸದಾಗಿ ಬಂದ ಕಾಯಿಗೆ ಅದೇ ಹೆಸರಿನಿಂದ "ಮೆಣಸಿನಕಾಯಿ" ಅಂದ್ವಿ. ಗೋವಿನಜೋಳಕ್ಕೂ ಹಂಗೇ: ಹೊಸ ಧಾನ್ಯ, ಹಳೇ ಜೋಳದ ಹೆಸರು.

ಬ್ಯಾಡಗಿಯ ಕಾಯಿ ಈ ಮಣ್ಣಲ್ಲಿ ತನ್ನದೇ ಗುಣ ಪಡೀತು. ಸುಕ್ಕು ಸುಕ್ಕು ಸಿಪ್ಪೆ, ಕಡಿಮೆ ಖಾರ, ಗಾಢ ಕೆಂಪು. ಡಬ್ಬಿ, ಕಡ್ಡಿ ಅಂತ ಎರಡು ತಳಿ ಪ್ರಸಿದ್ಧ. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಇದರಿಂದ ತೆಗೆಯೋ ಬಣ್ಣದ ಎಣ್ಣೆ ಲಿಪ್‌ಸ್ಟಿಕ್, ನೈಲ್ ಪಾಲಿಶ್‌ವರೆಗೂ ಹೋಗ್ತೈತಿ.

ಹಿಂಗೆ ಮೆಣಸಿನಕಾಯಿ, ಗೋವಿನಜೋಳ ಬಂದು ನಮ್ಮವೇ ಆದವು. ಇವುಗಳ ಜೊತೆಗಾರ ಕೋಕೋ ಮಾತ್ರ ಹಿಂದೆ ಉಳೀತು. ಅದು ಭಾರತಕ್ಕೆ ಬಂದದ್ದು 1798ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ತಮಿಳುನಾಡಿನ ಕುಟ್ರಾಲಂನಲ್ಲಿ ನೆಟ್ಟಾಗ. ಆದರೂ ರೈತರ ತೋಟಕ್ಕೆ ಬರಾಕ ಇನ್ನೂ 150 ವರ್ಷದ ಮೇಲೆ ಬೇಕಾಯ್ತು.

📌 ಭಾಗ 5/8: ಸಕ್ಕರೆ ಬಂತು, ಡಬ್ಬಿ ಬಂತು

ಸ್ಪೇನಿನವರು ಚಾಕೊಲೇಟನ್ನು ತಮ್ಮ ದೇಶಕ್ಕೆ ಒಯ್ದು, ಸಕ್ಕರೆ ಹಾಕಿ ಸಿಹಿ ಮಾಡಿದರು. ಸಕ್ಕರೆ ಅನ್ನೋ ಪದ ಸಂಸ್ಕೃತದ "ಶರ್ಕರಾ"ದಿಂದ ಬಂದದ್ದು, ಇಂಗ್ಲಿಷಿನ "ಶುಗರ್" ಕೂಡ ಪರ್ಷಿಯನ್, ಅರಬ್ಬಿ ದಾಟಿ ಅದೇ ಮೂಲಕ್ಕೆ ಹೋಗ್ತೈತಿ. ಆದ್ರೆ ಯುರೋಪಿನ ಲೋಟಕ್ಕೆ ಬಿದ್ದ ಸಕ್ಕರೆ ಕೆರಿಬಿಯನ್ ದ್ವೀಪಗಳ ತೋಟದ್ದು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆ ಅದು.

1828ರಲ್ಲಿ ನೆದರ್‌ಲ್ಯಾಂಡ್ಸ್‌ನ ವ್ಯಾನ್ ಹೌಟನ್ ಮನೆತನದವರು ಕೋಕೋದಿಂದ ಕೊಬ್ಬು ಹಿಂಡಿ ತೆಗೆಯೋ ಯಂತ್ರಕ್ಕೆ ಪೇಟೆಂಟ್ ಪಡೆದರು. ನಾವು ಇವತ್ತು ನೋಡೋ ಕೋಕೋ ಪುಡಿ ಹುಟ್ಟಿದ್ದು ಹಾಗೆ. 1873ರಲ್ಲಿ ಹಾರ್ಲಿಕ್ ಸಹೋದರರು ಮಾಲ್ಟ್ ಪುಡಿಯ ಕಂಪನಿ ಶುರು ಮಾಡಿದರು. 1948ರಲ್ಲಿ ಬೋರ್ನ್‌ವಿಟಾ ಭಾರತಕ್ಕೆ ಬಂತು. ಆಮೇಲಿನ ಜಾಹೀರಾತುಗಳನ್ನ ನೀವೇ ನೋಡಿಕೊಂಡು ಬೆಳೆದೀರಿ: ಕುಡಿದ್ರೆ ಎತ್ತರ, ಕುಡಿದ್ರೆ ಶಕ್ತಿ, ಕುಡಿದ್ರೆ ಫಸ್ಟ್ ರ‍್ಯಾಂಕ್.

2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಒಂದು ಸೂಚನೆ ಕೊಟ್ಟಿತು: ಬೋರ್ನ್‌ವಿಟಾ ಸೇರಿ ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ವಿಭಾಗದಿಂದ ತೆಗೀರಿ. ಕಾರಣ ಸರಳ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ "ಹೆಲ್ತ್ ಡ್ರಿಂಕ್" ಅನ್ನೋದಕ್ಕೆ ವ್ಯಾಖ್ಯೆಯೇ ಇಲ್ಲ!

📌 ಭಾಗ 6/8: ಪುತ್ತೂರಿನ ಕೋಕೋ

ಹಂಗಾದ್ರೆ ಒಳ್ಳೇ ಕೋಕೋ ಎಲ್ಲಿಂದ ತರೋದು? ದೂರ ಹೋಗಬೇಕಿಲ್ಲ, ಘಟ್ಟ ಇಳಿದ್ರೆ ಸಾಕು.

1970ರ ದಶಕದಲ್ಲಿ ದಕ್ಷಿಣ ಕನ್ನಡ, ಕಾಸರಗೋಡು ಭಾಗದ ಅಡಿಕೆ ತೋಟಗಳಲ್ಲಿ ಕೋಕೋ ಉಪಬೆಳೆಯಾಗಿ ಹಬ್ಬಿತು. 1980ರ ಸುಮಾರಿಗೆ ಬೆಲೆ ಕುಸೀತು, ಖಾಸಗಿ ಖರೀದಿದಾರರು ಹಿಂದೆ ಸರಿದರು. ಕೊಳ್ಳೋರು ಕೈಬಿಟ್ಟಾಗ, ಬೆಲೆ ಬಿದ್ದಾಗ ಬೆಳೆದವರ ಗತಿ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳು ಹೊತ್ತಿ ಉರಿದದ್ದು ನಿಮಗೆ ನೆನಪಿರಬೇಕು.

ಅಲ್ಲಿ ಬೆಳೆಗಾರರ ಕೈ ಹಿಡಿದದ್ದು ಕ್ಯಾಂಪ್ಕೊ. 1973ರಲ್ಲಿ ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಸ್ಥಾಪಕ ಅಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್. ಸಂಸ್ಥೆ ಕೋಕೋ ಕೊಳ್ಳೋಕೆ ಶುರು ಮಾಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಂದ್ರೆ ಬೆಳೆದವರೇ ಮಾಲೀಕರಾದ ಕಾರ್ಖಾನೆ.

📌 ಭಾಗ 7/8: ಮಾಡೋದು ಹೆಂಗ (ಎರಡು ಲೋಟ)

ಗೋವಿನಜೋಳದ ಜಾಗದಲ್ಲಿ ನಾನು ರಾಗಿ ಹಾಕ್ತೀನಿ. ಸುಣ್ಣದಿಂದ ಬರ್ತಿದ್ದ ಕ್ಯಾಲ್ಸಿಯಂ ರಾಗಿಯಲ್ಲಿ ಮೊದಲೇ ಐತಿ: 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ವೆನಿಲಾ ಬದಲು ಯಾಲಕ್ಕಿ.

▪️ ಹಾಲು 400 ಮಿ.ಲೀ.
▪️ ಹುರಿದ ರಾಗಿ ಹಿಟ್ಟು 1 ದೊಡ್ಡ ಚಮಚ
▪️ ಸಕ್ಕರೆ ಸೇರಿಸದ ಕೋಕೋ ಪುಡಿ 1 ದೊಡ್ಡ ಚಮಚ
▪️ ಬೆಲ್ಲದ ಪುಡಿ 2 ಸಣ್ಣ ಚಮಚ
▪️ ಯಾಲಕ್ಕಿ 1
▪️ ಬ್ಯಾಡಗಿ ಮೆಣಸಿನಕಾಯಿ ಅರ್ಧ, ಬೀಜ ತೆಗೆದದ್ದು
▪️ ಚಿಟಿಕೆ ಉಪ್ಪು

ರಾಗಿ, ಕೋಕೋ ಎರಡನ್ನೂ ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂಗ ಕಲಸ್ರಿ. ಬಿಸಿ ಹಾಲಿಗೆ ನೇರವಾಗಿ ಹಾಕಿದ್ರೆ ಗಂಟು ಗ್ಯಾರಂಟಿ. ಹಾಲಿಗೆ ಮೆಣಸಿನಕಾಯಿ ಹಾಕಿ ಕಾಯಿಸ್ರಿ. ಉಕ್ಕಿ ಬರುವಾಗ ಉರಿ ಸಣ್ಣ ಮಾಡಿ, ಕಲಸಿದ್ದನ್ನು ಸುರಿದು 5 ನಿಮಿಷ ತಿರುವ್ರಿ. ಉಪ್ಪು, ಜಜ್ಜಿದ ಯಾಲಕ್ಕಿ ಹಾಕಿ ಇಳಿಸ್ರಿ. ಮೆಣಸಿನಕಾಯಿ ತೆಗೆದುಬಿಡ್ರಿ. ಬೆಲ್ಲ ಹಾಕೋದು ಒಲೆಯಿಂದ ಇಳಿಸಿದ ಮೇಲೆ, ಇಲ್ಲಾಂದ್ರೆ ಹಾಲು ಒಡೆಯಬಹುದು. ಕೊನೆಗೆ ಎರಡು ಪಾತ್ರೆಯಲ್ಲಿ ಎತ್ತಿ ಸುರಿದು ನೊರೆ ಬರಿಸ್ರಿ.

ಗಂಟಲಲ್ಲಿ ಕೊನೆಗೆ ಸಣ್ಣಗೆ ಬಿಸಿ ಹತ್ತುತ್ತೆ. ಅದು ಬ್ಯಾಡಗಿ.

ಎರಡು ಎಚ್ಚರಿಕೆ: ಬೆಲ್ಲನೂ ಸಕ್ಕರೆಯ ಬಳಗವೇ, "ಆರೋಗ್ಯಕರ" ಅಂತ ಮುಷ್ಟಿಗಟ್ಟಲೆ ಸುರೀಬೇಡ್ರಿ. ಕೋಕೋದಲ್ಲಿ ಸ್ವಲ್ಪ ಕೆಫೀನ್ ಇರ್ತೈತಿ, ರಾತ್ರಿ ಮಲಗೋ ಮುಂಚೆ ಬೇಡ.

📌 ಭಾಗ 8/8: ನಿಮಗೊಂದು ಹೋಂವರ್ಕ್

ರಾಗಿ ಯಾಕೆ ಅಂತ ಮೂಗು ಮುರಿಯೋರಿಗೆ: ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಹೆಸರನ್ನು ಅಂಕಿತದಲ್ಲಿ ಇಟ್ಟುಕೊಂಡ ಕನಕದಾಸರು "ರಾಮಧಾನ್ಯ ಚರಿತೆ"ಯಲ್ಲಿ ಅಕ್ಕಿ-ರಾಗಿ ಜಗಳ ಹಚ್ಚಿ ರಾಗಿಯನ್ನೇ ಗೆಲ್ಲಿಸಿದ್ದಾರೆ. 2024ರ ಫೆಬ್ರುವರಿಯಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ಕೊಡ್ತಿರೋದೂ ರಾಗಿ ಮಾಲ್ಟೇ. ನಿಮ್ಮ ತಮ್ಮ, ತಂಗಿಯರನ್ನ ಕೇಳಿ ನೋಡ್ರಿ.

ಈಗ ಕೆಲಸ ನಿಮ್ಮದು. ಮನೆಯಲ್ಲಿ ಇರೋ ಚಾಕೊಲೇಟ್ ಪುಡಿ ಡಬ್ಬಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದ್ರಿ. ಯಾವುದರ ತೂಕ ಜಾಸ್ತಿಯೋ ಅದರ ಹೆಸರು ಮೊದಲು ಬರೀಬೇಕು ಅನ್ನೋದು ನಿಯಮ. ಮೊದಲ ಮೂರು ಹೆಸರು ಕಾಮೆಂಟಲ್ಲಿ ಹಾಕ್ರಿ. ಆಮೇಲೆ ಮನೆಯಲ್ಲಿ ಅಜ್ಜಿ ಇದ್ರೆ, ಅಂಬಲಿ, ಮಾಲ್ಟು ಹೆಂಗ ಮಾಡ್ತಿದ್ರು, ಮೊಳಕೆ ಯಾಕ ಬರಿಸ್ತಿದ್ರು ಅಂತ ಕೇಳಿ ಬರೆದಿಟ್ಟುಕೊಳ್ರಿ. ಸುಣ್ಣದ ನೀರಿನ ಕಥೆ ಓದಿದ ಮೇಲೆ ಇದನ್ನ ನಾಳೆಗೆ ಮುಂದೂಡಬೇಡ್ರಿ.

ಚಲೋ ಅನ್ನಿಸಿದ್ರೆ ಸೇವ್ ಮಾಡ್ರಿ, ಹಾಸ್ಟೆಲಿನಲ್ಲಿರೋ ಗೆಳೆಯರಿಗೆ ಕಳಿಸ್ರಿ ☕🌶️

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ಊಟದ_ಇತಿಹಾಸ #ಕನ್ನಡ